ನಮ್ಮತ್ತೆಯ ಕನಸು, ನನ್ನ ಕಾಯಿಲೆ

ನನ್ನ ಕನಸನ್ನು ಬಿಡಿಸಿ ಹೇಳಿ ಚಪ್ಪಾಳೆ ಗಿಟ್ಟಿಸಿದ ಆ ಡಾಕ್ಟರನ್ನು ನಾನು ಇವತ್ತಿಗೂ ಕ್ಷಮಿಸಿಲ್ಲ. ಕ್ಷಮಿಸುವ ಉದ್ದೇಶವೂ ಇಲ್ಲ. ಮೊದಲನೆಯದಾಗಿ, ಆ ಕನಸು ನನ್ನದಲ್ಲ.

ಅರವತ್ತರ ದಶಕದ ಕೊನೆಯ ಹೊತ್ತಿಗೆ ನಾನು ಚನ್ನರಾಯಪಟ್ಟಣದ ಒಂದು ಪ್ರೈಮರಿ ಶಾಲೆಯಲ್ಲಿ ಟೀಚರ್ ಆಗಿದ್ದೆ. ಮನಸ್ಸಿನ ವಿಚಾರವಾಗಿ ಭಾಷಣವಿದೆ, ಎಲ್ಲರೂ ಬರಬೇಕು ಎಂದು ನಮ್ಮನ್ನೆಲ್ಲ ಹಾಸನಕ್ಕೆ ಕರೆಸಿದ್ದರು. ವೇದಿಕೆಯ ಮೇಲೆ ನೋಡಿದರೆ, ಹಿಂದೆ ನನ್ನ ಕಾಯಿಲೆ ನೋಡಿದ್ದ ಅದೇ ಡಾಕ್ಟರು. ಕೂದಲು ಉದುರಿತ್ತು, ದನಿ ಮಾತ್ರ ಹಾಗೇ ಇತ್ತು. ನಾವು ನುಂಗಿಕೊಂಡದ್ದೆಲ್ಲ ಸುಪ್ತ ಮನಸ್ಸಿನಲ್ಲಿ ಕೂತಿರುತ್ತದೆ, ಅದು ಕನಸಿನಲ್ಲಿ ವೇಷ ಹಾಕಿಕೊಂಡು ಬರುತ್ತದೆ, ಕಾಯಿಲೆಯಾಗಿಯೂ ಬರುತ್ತದೆ ಎಂದು ವಿವರಿಸಿದರು. ಅಂಥ ರೋಗಿಗಳ ವೃತ್ತಾಂತಗಳನ್ನು ಕೂಡಿಸಿ ಸಂಶೋಧನೆ ಮಾಡಿದ್ದಾರಂತೆ. ಅದರಲ್ಲಿ ಒಂದನ್ನು ಹೇಳಿದರು. ಹೊಳೆನರಸೀಪುರದ ಕಡೆಯ ಒಬ್ಬ ಹೆಣ್ಣುಮಗಳು, ಗಂಟಲಲ್ಲಿ ದೋಷವಿಲ್ಲ, ಆದರೂ ಮಾತಿಲ್ಲ. ಅವಳ ಒಂದು ಕನಸನ್ನು ಹಿಡಿದು ಹೊರಟರೆ ಸಿಕ್ಕಿದ್ದು ಹೆತ್ತ ತಂದೆಯ ಮೇಲಿನ ದ್ವೇಷ. ಅದನ್ನು ಎತ್ತಿ ಆಡಿದ ಕ್ಷಣವೇ ಬಾಯಿ ಬಂತು! ಸಭೆಯೆಲ್ಲ ಚಪ್ಪಾಳೆ ತಟ್ಟಿತು. ನನ್ನ ಪಕ್ಕದ ಟೀಚರಮ್ಮ, "ಎಂಥಾ ಪಾಪಿ ಅಪ್ಪನೋ" ಎಂದು ಲೊಚಗುಟ್ಟಿದರು.

ನನಗೆ ಮೈಯೆಲ್ಲ ಉರಿದುಹೋಯಿತು. ಎದ್ದು ನಿಂತು ಕೇಳಬಹುದಿತ್ತು. ಆದರೆ ಎದ್ದು ನಿಂತರೆ ಅದಕ್ಕೂ ಆತನ ಹತ್ತಿರ ಒಂದು ಕಾಯಿಲೆಯ ಹೆಸರು ಇದ್ದೇ ಇರುತ್ತದೆ ಎಂದು ನನಗಿಂತ ಚೆನ್ನಾಗಿ ಬಲ್ಲವರು ಆ ಸಭೆಯಲ್ಲಿ ಯಾರೂ ಇರಲಿಲ್ಲ. ಅದಕ್ಕೇ ಈಗ ಬರೆಯುತ್ತಿದ್ದೇನೆ.

ನಮ್ಮಪ್ಪ ಅರಕಲಗೂಡಿನ ಹತ್ತಿರ ಹೊಗೆಸೊಪ್ಪು ಬೆಳೆಯುತ್ತಿದ್ದವರು. ಮಗಳನ್ನು ಹೊಳೆನರಸೀಪುರಕ್ಕೆ ಕೊಟ್ಟ ಮೇಲೆ ಅವರ ಕಾಲು ಮನೆಯಲ್ಲಿ ನಿಲ್ಲಲಿಲ್ಲ. ಅವರೆಕಾಯಿ ಬಂತೋ, ಹೆಗಲ ಮೇಲೆ ಒಂದು ಚೀಲ. ಬೆಲ್ಲ ಬಂತೋ, ಇನ್ನೊಂದು ಚೀಲ. ಬಂದು ಜಗಲಿಯ ಮೇಲೆ ಕೂತು, "ಚೆಂದಾಗಿದ್ದೀಯೇನವ್ವಾ?" ಎಂದು ಕೇಳುವುದು. ನಾನು ಬಾಯಿ ತೆರೆಯುವಷ್ಟರಲ್ಲಿ ನಮ್ಮತ್ತೆ ಒಳಗಿನಿಂದಲೇ, "ಅವ್ಳಿಗೇನ್ ಬಂದದೆ ಬೀಗ್ರೆ, ಗುಂಡುಕಲ್ಲಂಗವ್ಳೆ" ಎನ್ನುವುದು. ಹಸಿವಾಗಿದೆಯೇ, ತಲೆನೋವೇ, ಸೀರೆ ಯಾವ ಬಣ್ಣದ್ದು ಬೇಕು, ಯಾರು ಏನು ಕೇಳಿದರೂ ಉತ್ತರ ಅತ್ತೆಯದು. ಆಗ ನಮ್ಮ ಕಡೆ ಮನೆ ಮನೆಯಲ್ಲೂ ಅದೇ ರಿವಾಜು. ಹೊಸ ಸೊಸೆಗೆ ಬಾಯಿ ಇರುವುದು ಉಣ್ಣುವುದಕ್ಕೆ. ಮಾತು ಬಲ್ಲವನಿಗೆ ಜಗಳವಿಲ್ಲ ಅಂತಾರೆ, ಮಾತೇ ಆಡಗೊಡದಿದ್ದರೆ ಇನ್ನೆಲ್ಲಿಯ ಜಗಳ?

ಮದುವೆಯಾಗಿ ಎರಡನೇ ವರ್ಷ, ಒಂದು ಬೆಳಿಗ್ಗೆ, ಗಂಡಸರನ್ನು ಊಟಕ್ಕೆ ಕರೆಯಲು ಹಿತ್ತಿಲ ಬಾಗಿಲಿಗೆ ಹೋದೆ. ಬಾಯಿಂದ ಬರೀ ಗಾಳಿ ಬಂತು. ಮೆಣಸಿನ ಕಷಾಯ ಕುಡಿಸಿದರು. ತಾಯತ ಕಟ್ಟಿಸಿದರು. ಊರಿನ ಡಾಕ್ಟರು ಟಾರ್ಚು ಬಿಟ್ಟು ನೋಡಿ ಗಂಟಲು ಸರಿಯಾಗೇ ಇದೆ ಎಂದರು. ಹಾಸನಕ್ಕೆ ಹೊಸಬರೊಬ್ಬರು ಬಂದಿದ್ದಾರೆ, ಮನಸ್ಸಿನ ಕಾಯಿಲೆಗೆ ಮಾತಿನಲ್ಲೇ ಔಷಧಿ ಕೊಡುತ್ತಾರೆ ಎಂದು ಯಾರೋ ಹೇಳಿದರು. ಮಾತು ನಿಂತವಳಿಗೆ ಮಾತಿನ ಔಷಧಿ! ಆದರೂ ವಾರಕ್ಕೊಮ್ಮೆ ಅತ್ತೆಯೂ ನಾನೂ ರೈಲು ಹತ್ತಿ ಹೊರಟೆವು.

ಡಾಕ್ಟರ ಕೋಣೆಯಲ್ಲಿ ಒಂದು ಉದ್ದನೆಯ ಮೆತ್ತನೆ ಮಂಚ. ರೋಗಿ ಅದರ ಮೇಲೆ ಒರಗಿ, ಸೂರು ನೋಡುತ್ತ, ಮನಸ್ಸಿಗೆ ಬಂದದ್ದನ್ನು ಹೇಳಬೇಕು. ಡಾಕ್ಟರು ತಲೆಯ ಹಿಂದೆ, ಮುಖ ಕಾಣದ ಹಾಗೆ ಕುರ್ಚಿ ಹಾಕಿಕೊಂಡು ಕೂರುತ್ತಾರೆ. ಪರಗಂಡಸಿನೆದುರು, ಅದೂ ಅತ್ತೆಯೆದುರು, ಸೊಸೆ ಕಾಲು ಚಾಚಿ ಮಲಗುವುದುಂಟೇ? ನಾನು ಗೋಡೆಗೆ ಒತ್ತಿ ನೆಲದ ಮೇಲೆ ಕೂತೆ. ಅತ್ತೆಗೆ ಮಂಡಿನೋವು. "ಇದ್ರ ಮ್ಯಾಲೆ ಕೂತ್ಕಬೋದಾ ಸಾ?" ಎಂದು ಕೇಳಿ ಕೂತರು. ಮುಂದಿನ ವಾರ ಒರಗಿದರು. ಅದರ ಮುಂದಿನ ವಾರ ಕಾಲು ಚಾಚಿದರು. ಶಾಸ್ತ್ರದ ಪ್ರಕಾರ ಎಲ್ಲವೂ ಸರಿಯಾಗಿಯೇ ನಡೆದಿತ್ತು, ಮಂಚದ ಮೇಲಿದ್ದವರು ರೋಗಿಯಲ್ಲ ಎಂಬುದೊಂದನ್ನು ಬಿಟ್ಟು.

ಡಾಕ್ಟರು ನನ್ನನ್ನು ನೋಡಿ ಕೇಳುವುದು, ಅತ್ತೆ ಸೂರು ನೋಡಿ ಹೇಳುವುದು.

"ನಿಮ್ಮ ತಂದೆ ಎಂಥವರಮ್ಮ?"

"ಅಪ್ಪನಾ ಸಾ? ಕಲ್ಲು ಮನ್ಸ. ಕೊಟ್ಟೋನು ಕೊಟ್ಟೇ ಬುಟ್ಟ."

"ಹೌದೇನಮ್ಮ?" ಎಂದು ಡಾಕ್ಟರು ನನ್ನತ್ತ ಬಗ್ಗುತ್ತಿದ್ದರು. ಅತ್ತೆಯೆದುರು ಇಲ್ಲವೆಂದು ತಲೆ ಆಡಿಸುವ ಸೊಸೆ ಆಗಿನ್ನೂ ಹುಟ್ಟಿರಲಿಲ್ಲ. ಕಣ್ಣು ಬಿಟ್ಟು ಗುರಾಯಿಸಿದೆ. ಅಪ್ಪನ ಮೇಲಿನ ಸಿಟ್ಟು ಡಾಕ್ಟರ ಮೇಲೆ ತಿರುಗಿದೆ ಎಂದರು. ತಲೆ ತಗ್ಗಿಸಿದೆ. ಮನಸ್ಸು ಪ್ರತಿರೋಧ ಒಡ್ಡುತ್ತಿದೆ, ಒಳ್ಳೆಯ ಲಕ್ಷಣ ಎಂದರು. ನನಗೆ ಓದು ಬರಹ ಬರುತ್ತಿತ್ತು. ಮಿಡ್ಲ್‌ಸ್ಕೂಲು ಪಾಸಾಗಿದ್ದೆ. ಒಂದು ಸ್ಲೇಟು ಕೈಗೆ ಕೊಟ್ಟಿದ್ದರೆ ಮೊದಲ ದಿನವೇ ಮುಗಿದುಹೋಗುತ್ತಿತ್ತು. ಸೆರಗು ಹೊದ್ದವಳಿಗೆ ಅಕ್ಷರ ಬರಬಹುದೆಂದು ಆ ಮಹಾನುಭಾವರಿಗೆ ಹೊಳೆಯಲೇ ಇಲ್ಲ. ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವ ಜನ.

ಒಂದು ವಾರ ಕನಸು ಕೇಳಿದರು. ಅತ್ತೆ ಕೈಬಳೆಗಳನ್ನು ಮೇಲಕ್ಕೆ ಸರಿಸಿಕೊಂಡರು. ಆಮೇಲೆ, "ಇವ್ಳಿಗೊಂದು ಕನ್ಸು ಬೀಳ್ತದೆ ಸಾ, ಆಗಾಗ" ಎಂದು ಶುರು ಮಾಡಿದರು. "ಅರಿಗೋಲಲ್ಲಿ ಕುಂತವ್ಳೆ. ಹೊಳೆ ತುಂಬ್ಕಂಡದೆ. ಮಡಿಲಲ್ಲಿ ಮಡಿಲಕ್ಕಿ. ದಡದಲ್ಲಿ ಅಪ್ಪ ನಿಂತವ್ನೆ. ಕೂಗ್ತಾಳೆ, ದನಿ ಬರಾಕಿಲ್ಲ. ಅಪ್ಪ ತಿರುಗಿ ನೋಡ್ದಂಗೆ ಓಯ್ತಾ ಅವ್ನೆ. ಸೆರಗು ಅರ್ದೋಗಿ ಅಕ್ಕಿಯೆಲ್ಲ ನೀರಿಗೆ ಸುರ್ದೋಯ್ತದೆ ಸಾ. ಇಡ್ಕಳಾಕೆ ಓದ್ರೆ ಕೈ ಬಳೇವು ದೊಡ್ಡವು, ಜಾರ್ತವೆ."

ನಾನು ಅತ್ತೆಯ ಕೈ ನೋಡಿದೆ. ಚನ್ನರಾಯಪಟ್ಟಣದ ಕಡೆಯಿಂದ ಹೇಮಾವತಿ ದಾಟಿ ಬಂದವರು ಅವರು, ಮೈ ನೆರೆಯುವ ಮೊದಲೇ ಮದುವೆಯಾಗಿ. ನಾನು ಬಂದದ್ದು ಬಸ್ಸಿನಲ್ಲಿ. ಆ ಡಾಕ್ಟರು ಹುಡುಕಿಕೊಂಡು ಹೊರಟಿದ್ದ ನೋವು ಅವರ ಮೂಗಿನ ಕೆಳಗೇ ಕಾಲು ಚಾಚಿಕೊಂಡು ಮಲಗಿತ್ತು. ಅದರ ನೆತ್ತಿಯ ಮೇಲಿಂದ ಕಣ್ಣು ಹಾಯಿಸಿ ಅವರು ನನ್ನನ್ನು ನೋಡುತ್ತಿದ್ದರು.

ಮುಂದಿನ ವಾರ ನಮ್ಮ ಯಜಮಾನರನ್ನೂ ಕರೆಸಿ ತೀರ್ಪು ಕೊಟ್ಟರು. ದಡದಲ್ಲಿ ಬಿಟ್ಟುಹೋದ ತಂದೆಯ ಮೇಲೆ ಇವರಿಗೆ ಆಳವಾದ ದ್ವೇಷವಿದೆ, ಅದನ್ನು ಆಡಬಾರದೆಂದು ಮನಸ್ಸು ಗಂಟಲನ್ನೇ ಮುಚ್ಚಿದೆ, ಒಂದು ವರ್ಷ ತವರಿಗೆ ಕಳಿಸಬೇಡಿ, ಅವರ ತಂದೆಯೂ ಬರುವುದು ಬೇಡ. ಯಜಮಾನರು ತಲೆಯಾಡಿಸಿದರು. ಆ ಮನೆಯಲ್ಲಿ ನನ್ನನ್ನು ಹೇಗಿದ್ದೀಯೆಂದು ಕೇಳುತ್ತಿದ್ದುದು ಒಂದೇ ಜೀವ. ಅದಕ್ಕೂ ಬಾಗಿಲು ಹಾಕಿದರು.

"ಅದು ನನ್ ಕನ್ಸಲ್ಲ ಕಣ್ರೀ!" ಎಂದು ಕೂಗಿದೆ. "ನಾನು ಅರಿಗೋಲೇ ಅತ್ತಿಲ್ಲ! ನಮ್ಮಪ್ಪನ ಸುದ್ದಿಗೆ ಬರ್ಬ್ಯಾಡ್ರಿ!"

ಡಾಕ್ಟರ ಮುಖ ಅರಳಿತು. "ನೋಡಿದಿರಾ? ತಂದೆಯ ವಿಷಯ ಎತ್ತಿದ ಕೂಡಲೇ ಬಾಯಿ ಬಂತು" ಎಂದರು ಯಜಮಾನರಿಗೆ. ನಾನು ಏನು ಕೂಗಿದೆ ಎಂಬುದು ಯಾರ ಕಿವಿಗೂ ಬೀಳಲಿಲ್ಲ. ಅತ್ತೆ ಮಂಚದಿಂದಿಳಿದು ಸೆರಗು ಸರಿ ಮಾಡಿಕೊಂಡರು. ರೈಲಿನಲ್ಲಿ ಮಾವಿನಕೆರೆ ದಾಟಿದರೂ ಕಿಟಕಿಯಿಂದ ಮುಖ ತೆಗೆಯಲಿಲ್ಲ.

ಶಾಸ್ತ್ರ ಪೂರ್ತಿ ಸುಳ್ಳು ಎನ್ನುವಷ್ಟು ದಡ್ಡಿ ನಾನಲ್ಲ. ನುಂಗಿದ ಮಾತು ಎಲ್ಲೋ ಒಂದು ಕಡೆ ಕೂರುತ್ತದೆ ಎಂಬುದಕ್ಕೆ ನನ್ನ ಗಂಟಲೇ ಸಾಕ್ಷಿ. ಆದರೆ ಯಾರು ನುಂಗಿದ ಮಾತು, ಯಾರು ನುಂಗಿಸಿದ್ದು ಎಂದು ನೋಡದವನ ಕೈಗೆ ಆ ಶಾಸ್ತ್ರ ಸಿಕ್ಕರೆ ಮಂಗನ ಕೈಗೆ ಮಾಣಿಕ್ಯ ಕೊಟ್ಟ ಹಾಗೆ.

ಅವರೆಕಾಯಿ ಕಾಲಕ್ಕೆ ಅಪ್ಪ ಬಂದರು. ಯಜಮಾನರು ಅವರನ್ನು ಜಗಲಿಯಲ್ಲೇ ತಡೆದು ಡಾಕ್ಟರ ಮಾತನ್ನೆಲ್ಲ ಒಪ್ಪಿಸಿದರು. ಅಪ್ಪ ಚೀಲ ಇಳಿಸಿ ಬಾಗಿಲ ಕಡೆ ನೋಡಿದರು.

"ನಾನೇನ್ ಮಾಡ್ದೆ ಅಂತ ಏಳ್ಬುಡು ಕಣವ್ವ. ಒಂಟೋಯ್ತೀನಿ."

"ಏನೂ ಇಲ್ಲ ಕಣಪ್ಪ. ನಂಗೆ ನಿನ್ ಮ್ಯಾಲೆ ಯಾವ ಸಿಟ್ಟೂ ಇಲ್ಲ."

"ಅದು ಅವಳಿಗೇ ಗೊತ್ತಿರಾಕಿಲ್ಲ ಮಾವ, ಒಳಮನಸ್ಸಲ್ಲಿರ್ತದಂತೆ" ಎಂದರು ಯಜಮಾನರು. ಬಂದ ಮಾತೂ ಕೆಲಸಕ್ಕೆ ಬಾರದೆ ಹೋಯಿತು. ಅಪ್ಪ ಟವೆಲ್ ಕೊಡವಿ ಹೆಗಲಿಗೆ ಹಾಕಿಕೊಂಡು, ಚೀಲ ಅಲ್ಲೇ ಬಿಟ್ಟು, ಮೆಟ್ಟಿಲಿಳಿದರು.

ಆಗ ಅತ್ತೆ ನನ್ನನ್ನು ಪಕ್ಕಕ್ಕೆ ಸರಿಸಿ ಹೊರಗೆ ಬಂದರು.

"ನಿಂತ್ಕಳಿ ಬೀಗ್ರೆ. ಒಳಕ್ ಬನ್ನಿ. ಆ ಕನ್ಸು ನಂದು. ದಡದಲ್ಲಿ ಬುಟ್ಟೋದೋನು ನಮ್ಮಪ್ಪ. ನೀವಲ್ಲ." ಮಗನ ಕಡೆ ತಿರುಗಿ, "ಮಣೆ ಆಕ್ಲಾ" ಎಂದರು.

ಅಪ್ಪ ಉಂಡರು. ಹೋಗುವಾಗ ಜಗಲಿಯ ಮೇಲೆ ನಿಂತು, "ಚೆಂದಾಗಿದ್ದೀಯೇನವ್ವಾ?" ಎಂದು ಕೇಳಿದರು. ಅತ್ತೆ ಬಾಯಿ ಬಿಡಲಿಲ್ಲ. ನಾನೇ ಉತ್ತರ ಹೇಳಿದೆ.

ಇಷ್ಟರಿಂದ ಅತ್ತೆಯ ಮೇಲೆ ನನಗೆ ಪ್ರೀತಿ ಉಕ್ಕಿತು ಎಂದು ತಿಳಿಯಬೇಡಿ. ಎರಡು ವರ್ಷ ನನ್ನ ಬಾಯಿ ಕಟ್ಟಿದವರು ಅವರೇ. ಆದರೆ ಆ ಸಂಜೆ ಇಬ್ಬರೂ ಕೂತು ಅವರೆಕಾಯಿ ಸುಲಿಯುವಾಗ ಅವರು ಮುಖ ಎತ್ತದೆ ಕೇಳಿದ ಮಾತು ಇದೆಯಲ್ಲ, ಭಾಷಣದ ದಿನ ಅಷ್ಟು ದೊಡ್ಡ ಚಪ್ಪಾಳೆಯ ನಡುವೆ ನನಗೆ ಕೇಳಿಸುತ್ತಿದ್ದುದು ಅದೊಂದೇ.

"ಇನ್ನೊಂದ್ ನಾಕು ವಾರ ನಿಂಗೆ ಮಾತು ಬರ್ದೆ ಇರಬಾರ್ದಿತ್ತಾ ಕಣವ್ವ? ನಾನಿನ್ನೂ ಏಳಿ ಮುಗಿಸಿರ್ನಿಲ್ಲ."