ಅತ್ತಿಗೆಯ ಬೆನ್ನಿಗೆ ಒಗ್ಗುವ ಸ್ಪ್ರಿಂಗು

ಒತ್ತಪ್ಪ ಎಂಬುದು ತಂದೆತಾಯಿ ಇಟ್ಟ ಹೆಸರಲ್ಲ, ವರ್ಕ್‌ಶಾಪಿನವರು ಇಟ್ಟದ್ದು. ನಿಂತ ಕಾರು ಯಾರದೇ ಇರಲಿ, ಹತ್ತಿರ ಹೋಗಿ ಮಡ್‌ಗಾರ್ಡಿನ ಮೇಲೆ ಅಂಗೈ ಊರಿ ಒಮ್ಮೆ ಒತ್ತಿ ಬಿಡುವುದು ಅವನ ಚಟ. ಕಾರು ಒಂದೇ ಸಲ ಎದ್ದು ಸುಮ್ಮನಾದರೆ ಅದರ ಶಾಕ್ ಅಬ್ಸಾರ್ಬರ್ ಗಟ್ಟಿಯಾಗಿದೆ ಎಂದರ್ಥ. ಎರಡು ಮೂರು ಸಲ ಕುಣಿದರೆ ಅದರ ಕಥೆ ಮುಗಿದಿದೆ. ತನ್ನ ಮದುವೆಯ ದಿನವೇ ಮಾವನ ಕಾರನ್ನು ಒತ್ತಿ ನೋಡಿ, "ಹಿಂದಿನ ಎರಡೂ ಹೋಗಿದೆ" ಎಂದು ಮಾವನ ಮುಖಕ್ಕೇ ಹೇಳಿದ ಆಸಾಮಿ. ಮಾವ ಅದನ್ನು ಇವತ್ತಿಗೂ ಮರೆತಿಲ್ಲ.

ಮೂವತ್ತೊಂದು ವರ್ಷದಿಂದ ಅವನದು ಇದೊಂದೇ ಕೆಲಸ. ಕಾರಿನ ಮೈಭಾರ ಹೊರುವ ಸ್ಪ್ರಿಂಗು, ಅದರ ಕುಣಿತ ನಿಲ್ಲಿಸುವ ಶಾಕು, ಇವೆರಡರ ಸುತ್ತಮುತ್ತಲಿನ ರಬ್ಬರು, ಕಂಬಿ, ಬೋಲ್ಟು. ಎಂಜಿನ್ ಮೇಸ್ತ್ರಿಗಳನ್ನು ಕಂಡರೆ ಒಳಗೊಳಗೇ ಹೊಟ್ಟೆಕಿಚ್ಚು. ಅವರು ಕೈಯಿಟ್ಟರೆ ಕಾರು ಗುರ್ ಅನ್ನುತ್ತದೆ, ಗಿರಾಕಿ ಭೇಷ್ ಅನ್ನುತ್ತಾನೆ. ಇವನು ಕೈಯಿಟ್ಟರೆ ಏನೂ ಆಗುವುದಿಲ್ಲ. ಗುಂಡಿ ಬಂದದ್ದೇ ಗೊತ್ತಾಗುವುದಿಲ್ಲ. ಗೊತ್ತಾಗದ್ದಕ್ಕೆ ಯಾರಾದರೂ ಬೆನ್ನು ತಟ್ಟುತ್ತಾರೆಯೇ?

ಈಚೆಗೆ ಏನೂ ಗೊತ್ತಾಗದಿರುವುದು ಅವನಿಗೇ ಅಂಟಿಕೊಂಡಿತ್ತು. ಅಣ್ಣ ತೀರಿಕೊಂಡು ಏಳು ತಿಂಗಳು. ಆಫೀಸಿನ ಕುರ್ಚಿಯಲ್ಲಿ ಕೂತವನು ಕೂತ ಹಾಗೇ ಹೋಗಿಬಿಟ್ಟ. ಸುದ್ದಿ ಬಂದಾಗ ಒತ್ತಪ್ಪ ಕೈಯಲ್ಲಿದ್ದ ನಟ್ಟನ್ನು ಪೂರ್ತಿ ಬಿಗಿ ಮಾಡಿ, ಕೈ ತೊಳೆದುಕೊಂಡು ಹೊರಟಿದ್ದ. ಆಸ್ಪತ್ರೆಯ ಕಾಗದಪತ್ರಕ್ಕೆಲ್ಲ ಅವನೇ ಓಡಾಡಿದ. ಬಂದವರಿಗೆ ಕುರ್ಚಿ ಹಾಕಿದ. ಅಳು ಮಾತ್ರ ಬರಲಿಲ್ಲ, ಆಮೇಲೂ ಬರಲಿಲ್ಲ. ಊಟಕ್ಕೆ ಕೂತರೆ ಉಪ್ಪು ಹೆಚ್ಚೋ ಕಡಿಮೆಯೋ ತಿಳಿಯುತ್ತಿರಲಿಲ್ಲ.

"ಒಂದ್ಸಲ ಅತ್ತುಬಿಡಿ ಅಂದ್ರೆ, ಗರಬಡಿದವರ ಥರ ಇದೀರಲ್ಲ" ಎಂದು ಹೆಂಡತಿ ಗದರಿದಳು.

"ನಂಗೇನೂ ಆಗ್ತಿಲ್ಲ ಕಣೇ. ಆಗದೇ ಇರೋದನ್ನ ಎಲ್ಲಿಂದ ತರ್ಲಿ?" ಎಂದ ಅವನು. ಸುಳ್ಳು ಹೇಳಲಿಲ್ಲ. ಒಳಗೆ ತಡಕಿ ನೋಡಿದರೆ ನಿಜಕ್ಕೂ ಏನೂ ಸಿಗುತ್ತಿರಲಿಲ್ಲ.

ಉಳಿದದ್ದು ಅಣ್ಣನ ಕಾರು. ಕೆಂಪು ಬಣ್ಣದ, ಎರಡೇ ಸೀಟಿನ, ಮೇಲ್ಛಾವಣಿ ಮಡಚಬಹುದಾದ ಹಳೇ ಕಾಲದ ಸ್ಪೋರ್ಟ್ಸ್ ಕಾರು. ಇಪ್ಪತ್ತೆಂಟು ವರ್ಷದ ಹಿಂದೆ ಅಣ್ಣ ಅದನ್ನು ತುಕ್ಕು ಹಿಡಿದ ಡಬ್ಬದ ಸ್ಥಿತಿಯಲ್ಲಿ ತಂದಿದ್ದ. ಅಣ್ಣತಮ್ಮ ಸೇರಿ ರಜೆಯ ದಿನಗಳನ್ನೆಲ್ಲ ಅದಕ್ಕೇ ಸುರಿದು ಮೇಲೆಬ್ಬಿಸಿದ್ದರು. ಅಣ್ಣನಿಗೆ ಕಾರು ಕಲ್ಲಿನಷ್ಟು ಗಟ್ಟಿಯಾಗಿರಬೇಕು. "ರಸ್ತೆ ನನ್ನ ಬೆನ್ನಿಗೆ ಗೊತ್ತಾಗ್ಬೇಕು ಕಣೋ" ಎನ್ನುತ್ತಿದ್ದ. ಒತ್ತಪ್ಪ ಎರಡು ವರ್ಷಕ್ಕೊಮ್ಮೆ ಇನ್ನಷ್ಟು ಗಟ್ಟಿ ಮಾಡಿಕೊಡುತ್ತಿದ್ದ. ಓಡುತ್ತಿದ್ದದ್ದು ಮಾತ್ರ ಮನೆಯಿಂದ ಆಫೀಸಿಗೆ, ಆಫೀಸಿನಿಂದ ಮಾರ್ಕೆಟ್ಟಿಗೆ, ನಾಲ್ಕು ಸಿಗ್ನಲ್ಲು ಹನ್ನೊಂದು ಸ್ಪೀಡ್ ಬ್ರೇಕರ್ ದಾಟಿಕೊಂಡು.

ಅತ್ತಿಗೆ ಕನ್ನಡಕದ ಅಂಗಡಿಯಲ್ಲಿ ಗಾಜು ಉಜ್ಜುವ ಕೆಲಸದವರು. ಕೂರುವ ಕೆಲಸ, ಬೆನ್ನುಮೂಳೆಯ ಬಿಲ್ಲೆ ಜರುಗಿದ ನೋವು ಬೇರೆ. ಒಂದು ಸೋಮವಾರ ಬೆಳಿಗ್ಗೆ ಅವರೇ ಕಾರನ್ನು ಮೆಲ್ಲಗೆ ಓಡಿಸಿಕೊಂಡು ವರ್ಕ್‌ಶಾಪಿಗೆ ಬಂದು, ಬಾಗಿಲು ಹಿಡಿದು ಕಷ್ಟಪಟ್ಟು ಇಳಿದರು.

"ನೋಡಪ್ಪ, ಹಳೇ ಕಾರು ಕೂಡಿಡೋರೊಬ್ರು ಕೇಳ್ತಿದಾರೆ. ಭಾನುವಾರ ಬರ್ತಾರೆ. ಕೊಟ್ಟುಬಿಡೋಣ ಅಂತಿದೀನಿ."

"ಕೊಡ್ಬೇಡಿ ಅತ್ತಿಗೆ" ಎಂದ ಒತ್ತಪ್ಪ. ಅಷ್ಟು ಬೇಗ ಮಾತು ಹೊರಬಿದ್ದದ್ದು ಅವನಿಗೇ ಸೋಜಿಗ.

"ಇಟ್ಕೊಂಡು ಏನ್ಮಾಡ್ಲಿ, ಪೂಜೆನಾ? ಇಪ್ಪತ್ತೆಂಟು ವರ್ಷ ಇದ್ರ ಬಾಗಿಲಿನ ಹಿಡಿ ಹಿಡ್ಕೊಂಡೇ ಸಂಸಾರ ಮಾಡಿದೀನಿ. ಈಗ ನಾನೇ ಓಡಿಸೋಣ ಅಂದ್ರೆ ಒಂದೊಂದು ಗುಂಡಿನೂ ನನ್ನ ಸೊಂಟದ ಲೆಕ್ಕಕ್ಕೆ ಬರ್ತಿದೆ." ಸೊಂಟಕ್ಕೆ ಕೈ ಕೊಟ್ಟು ಹೇಳಿದರು, "ಅಂಗಡಿಗೆ ಹೋಗಿ ಬರೋಷ್ಟು ಓಡಿಸೋ ಹಾಗೆ ಮಾಡ್ಕೊಡು, ಇಟ್ಕೊಳ್ತೀನಿ. ಆಗ್ಲಿಲ್ವಾ, ಭಾನುವಾರ ಬಂದವರಿಗೆ ಕೀ ಕೊಡ್ತೀನಿ."

ಆರು ದಿನ. ಒತ್ತಪ್ಪ ಬೇರೆ ಕೆಲಸಗಳನ್ನೆಲ್ಲ ಪಕ್ಕಕ್ಕೆ ಸರಿಸಿದ.

ಬೆಂಚಿನ ಕೆಳಗೆ ಒಂದು ಡಬ್ಬವಿತ್ತು. ಅಣ್ಣ ಸಾಯುವ ತಿಂಗಳಷ್ಟೇ ತರಿಸಿದ್ದ ಹೊಸ ಸ್ಪ್ರಿಂಗುಗಳು, ಹಿಂದಿನದಕ್ಕಿಂತಲೂ ಗಿಡ್ಡ, ಗಟ್ಟಿ. ಇನ್ನೂ ಟೇಪು ಬಿಚ್ಚಿರಲಿಲ್ಲ. ಅಣ್ಣನ ಕೊನೆಯ ಆಸೆ ಎಂದರೆ ಅದೇ, ಬೇರೇನನ್ನೂ ಅವನು ಹೇಳಿ ಹೋಗಿರಲಿಲ್ಲ. ಒತ್ತಪ್ಪ ಡಬ್ಬವನ್ನು ಎಳೆದು ಬಿಚ್ಚಿ, ಒಂದು ಸ್ಪ್ರಿಂಗನ್ನು ತೊಡೆಯ ಮೇಲಿಟ್ಟುಕೊಂಡು ಬಹಳ ಹೊತ್ತು ಕೂತ. ಇದನ್ನು ಹಾಕಿದರೆ ಅಣ್ಣನ ಮಾತು ಉಳಿಯುತ್ತದೆ, ಭಾನುವಾರ ಕಾರು ಹೋಗುತ್ತದೆ. ಹಾಕದಿದ್ದರೆ ಕಾರು ಉಳಿದೀತು. ದುಃಖಪಡಬೇಕಾದ ಜಾಗ ಇದು ಎಂದು ಅವನಿಗೆ ಅನ್ನಿಸಿತು. ಅನ್ನಿಸಿತು, ಅಷ್ಟೇ. ಸ್ಪ್ರಿಂಗನ್ನು ಒಳಗಿಟ್ಟು ಡಬ್ಬವನ್ನು ಮತ್ತೆ ಬೆಂಚಿನಡಿ ನೂಕಿದ.

ಬಿಡಿಭಾಗದ ಅಂಗಡಿಯ ಯಜಮಾನನಿಗೆ ಸ್ಪೋರ್ಟ್ಸ್ ಕಾರು ಎಂದ ಕೂಡಲೇ ಕಣ್ಣರಳಿತು.

"ರೇಸಿನ ಸೆಟ್ಟೇ ಹಾಕಿಬಿಡಿ. ಎರಡಿಂಚು ಕೆಳಗೆ ಕೂರುತ್ತೆ, ನೋಡೋಕೆ ಹುಲಿ!"

"ಹುಲಿ ಸ್ಪೀಡ್ ಬ್ರೇಕರ್ ಮೇಲೆ ಹೊಟ್ಟೆ ಉಜ್ಜಿಕೊಂಡು ಹೋಗಲ್ವಲ್ಲ" ಎಂದ ಒತ್ತಪ್ಪ. "ಈ ಕಾರು ಹೋಗೋದು ಕನ್ನಡಕದ ಅಂಗಡಿಗೆ. ಉದ್ದ ಕಮ್ಮಿಯಾಗಬಾರದು, ಬಿಗಿ ಕಮ್ಮಿಯಾಗಬೇಕು. ಅಂಥದ್ದು ತೆಗೀರಿ."

ಇದರಲ್ಲಿ ಅವನನ್ನು ಮೀರಿಸುವವರಿರಲಿಲ್ಲ. ರೇಸಿನ ರಸ್ತೆ ನುಣ್ಣಗಿರುತ್ತದೆ, ಅಲ್ಲಿ ಗಟ್ಟಿ ಸ್ಪ್ರಿಂಗು ನಡೆಯುತ್ತದೆ. ಊರೊಳಗೆ ಚಕ್ರ ಗುಂಡಿಗೆ ಇಳಿದು ಮೇಲೆ ಬರಲೇಬೇಕು. ಆಗ ಸ್ಪ್ರಿಂಗು ಬಗ್ಗದಿದ್ದರೆ ಕೂತವರ ಬೆನ್ನು ಬಗ್ಗಬೇಕಾಗುತ್ತದೆ. ಹಾಗೆಂದು ಬರೀ ಮೆತ್ತಗಿನ ಸ್ಪ್ರಿಂಗು ಹಾಕಿ ಕೈಬಿಟ್ಟರೆ ಕಾರು ದೋಣಿಯಾಡುತ್ತದೆ. ಅದಕ್ಕೆಂದೇ ಬಿಗಿಯನ್ನು ತಿರುಪಿನಿಂದ ಹೆಚ್ಚುಕಡಿಮೆ ಮಾಡಬಹುದಾದ ಶಾಕುಗಳನ್ನು ಆರಿಸಿದ. ಕೀಲುಗಳಿಗೆ ಅಣ್ಣ ಹಾಕಿಸಿದ್ದ ಗಡಸು ಪ್ಲಾಸ್ಟಿಕ್ ಬುಷ್ ತೆಗೆದು ಹಳೇ ಮಾದರಿಯ ರಬ್ಬರಿನದೇ ಹಾಕುವುದೆಂದು ತೀರ್ಮಾನಿಸಿದ. ತಿರುವಿನಲ್ಲಿ ಕಾರು ಒಂದು ಮಗ್ಗುಲಿಗೆ ವಾಲಬಾರದಲ್ಲ, ಅದಕ್ಕೆ ಮುಂದಿನ ಎರಡು ಚಕ್ರಗಳನ್ನು ಜೋಡಿಸುವ ಕಂಬಿಯನ್ನು ಮಾತ್ರ ಒಂದು ಸುತ್ತು ದಪ್ಪನೆಯದು ಕೊಂಡ. ಯಜಮಾನ ಗೊಣಗಿಕೊಂಡೇ ಕಟ್ಟಿಕೊಟ್ಟ.

ಶುಕ್ರವಾರ ಸಂಜೆಗೆ ಎಲ್ಲವೂ ಕೂತಿತ್ತು. ಶನಿವಾರ ಬೆಳಿಗ್ಗೆ ಉಳಿದದ್ದು ತೂಕ ಹೊಂದಿಸುವುದು. ನಾಲ್ಕು ಚಕ್ರದ ಕೆಳಗೆ ನಾಲ್ಕು ತೂಕದ ಹಲಗೆ ಇಟ್ಟು, ಡ್ರೈವರ್ ಸೀಟಿನಲ್ಲಿ ಮನುಷ್ಯನ ಬದಲು ಮರಳಿನ ಚೀಲಗಳನ್ನು ಕೂರಿಸಿ, ಸ್ಪ್ರಿಂಗಿನ ಕೆಳಗಿನ ಬಟ್ಟಲನ್ನು ಹಿಂದೆ ಮುಂದೆ ತಿರುಗಿಸುತ್ತಾ ಭಾರವನ್ನು ಸರಿಯಾಗಿ ಹಂಚುವ ಕೆಲಸ. ಬಹಳ ಮಂದಿ ಮೆಕ್ಯಾನಿಕರು ಈ ತಂಟೆಗೇ ಹೋಗುವುದಿಲ್ಲ. ಒತ್ತಪ್ಪ ಇದಿಲ್ಲದೆ ಆ ಕಾರನ್ನು ಯಾವತ್ತೂ ಹೊರಗೆ ಬಿಟ್ಟವನಲ್ಲ. ಮೂಲೆಯಲ್ಲಿದ್ದ ನಾಲ್ಕು ಚೀಲ ತಂದು ಸೀಟಿನಲ್ಲಿ ಒತ್ತೊತ್ತಾಗಿ ಇಟ್ಟು, ಬೆಲ್ಟನ್ನೂ ಹಾಕಿದ. ಮಧ್ಯಾಹ್ನದೊಳಗೆ ನಾಲ್ಕು ಹಲಗೆಯ ಅಂಕಿಗಳೂ ಹೇಳಿದ ಮಾತು ಕೇಳಿದವು. ಚೀಲಗಳನ್ನು ಇಳಿಸಿ ಅತ್ತಿಗೆಗೆ ಫೋನ್ ಮಾಡಿದ.

ಅತ್ತಿಗೆ ಬಂದು ಕಾರು ಹತ್ತಿ ಹೋದರು. ಇಪ್ಪತ್ತು ನಿಮಿಷ ಅವನು ಗೇಟಿನ ಹತ್ತಿರವೇ ನಿಂತಿದ್ದ. ಬಂದರು. ಈ ಸಲ ಬಾಗಿಲು ಹಿಡಿಯದೆ ಸಲೀಸಾಗಿ ಇಳಿದರು. ಮುಖ ಮಾತ್ರ ಸಪ್ಪಗಿತ್ತು.

"ಬೆನ್ನಿಗೆ ಏನೂ ಆಗ್ಲಿಲ್ಲ. ಹಾಸಿಗೆ ಮೇಲೆ ಹೋದ ಹಾಗಿತ್ತು."

"ಮತ್ತೆ?"

"ಎಡಕ್ಕೆ ಎಳೀತಿದೆ. ಜೋರಾಗೇನಲ್ಲ. ಕೈ ಸಡಿಲ ಬಿಟ್ರೆ ಸಾಕು, ಮೆಲ್ಲಗೆ ಆ ಕಡೆಗೇ ಹೋಗುತ್ತೆ. ಉದ್ದಕ್ಕೂ ಹಿಡ್ಕೊಂಡೇ ಇರ್ಬೇಕು." ಸ್ಟಿಯರಿಂಗ್ ಕಡೆ ನೋಡುತ್ತಾ ಹೇಳಿದರು, "ನಿನ್ನ ತಪ್ಪಿಲ್ಲ ಬಿಡು. ಇದು ಅವರ ಕಾರು. ನನ್ನ ಕೈಗೆ ಬರೋಕೆ ಇಷ್ಟ ಇಲ್ಲ ಅದಕ್ಕೆ. ನಾಳೆ ಕೊಟ್ಟುಬಿಡೋಣ."

ಎಳೆಯುವುದೇ? ಅವನು ಹೊಂದಿಸಿದ ಕಾರೇ? ಒತ್ತಪ್ಪನಿಗೆ ಅವಮಾನವಾಯಿತು. ಏಳು ತಿಂಗಳಲ್ಲಿ ಅವನಿಗೆ ಏನಾದರೂ ಆದದ್ದು ಅದೇ ಮೊದಲು. ಕಾರನ್ನು ಮತ್ತೆ ಹಲಗೆಗಳ ಮೇಲೆ ಹತ್ತಿಸಿ, "ಒಂದ್ನಿಮಿಷ ಒಳಗೆ ಕೂತ್ಕೊಳಿ ಅತ್ತಿಗೆ" ಎಂದ. ಅವರು ಕೂತರು. ಅಂಕಿಗಳನ್ನು ನೋಡಿದ. ಬೆಳಿಗ್ಗೆ ಮಣಿದಿದ್ದ ಅಂಕಿಗಳೆಲ್ಲ ಈಗ ಚೆಲ್ಲಾಪಿಲ್ಲಿಯಾಗಿದ್ದವು. ಬಲಕ್ಕೆ, ಡ್ರೈವರ್ ಕಡೆ, ಕಾರು ಹಗುರವಾಗಿ ಮೇಲೆದ್ದು ಎಡಕ್ಕೆ ವಾಲಿ ನಿಂತಿತ್ತು. ಮೂಲೆಯ ಚೀಲಗಳತ್ತ ತಿರುಗಿ ನೋಡಿದ.

"ಅತ್ತಿಗೆ, ನಿಮ್ಮ ತೂಕ ಎಷ್ಟು?"

ಅತ್ತಿಗೆ ನಕ್ಕುಬಿಟ್ಟರು. "ಇಷ್ಟು ವರ್ಷದಲ್ಲಿ ನಿಮ್ಮಣ್ಣನೂ ಕೇಳೋ ಧೈರ್ಯ ಮಾಡಿರ್ಲಿಲ್ಲ. ಐವತ್ಮೂರು. ಯಾಕೆ?"

"ಈ ನಾಲ್ಕು ಚೀಲ ಸೇರಿ ಎಂಬತ್ತಾರು ಕಿಲೋ."

ಅತ್ತಿಗೆಯ ನಗು ನಿಂತಿತು. ಎಂಬತ್ತಾರು ಯಾರ ತೂಕವೆಂದು ಅವರಿಗೆ ಹೇಳಿಕೊಡಬೇಕಾಗಿರಲಿಲ್ಲ. ಚೀಲಗಳ ಕಡೆ ನೋಡಿದರು, ಆಮೇಲೆ ಮೈದುನನ ಕಡೆ.

"ನೀವು ಓಡಿಸ್ತೀರ ಅಂತ ಗೊತ್ತು" ಎಂದ ಒತ್ತಪ್ಪ. "ನಿಮಗೋಸ್ಕರಾನೇ ಒಂದೊಂದು ಬುಷ್ಷೂ ನೋಡಿ ನೋಡಿ ಹಾಕಿದೀನಿ. ಕೊನೇಲಿ ಸೀಟಲ್ಲಿ ಅಣ್ಣನ್ನೇ ಕೂರಿಸಿಬಿಟ್ಟೆ. ಬೆಲ್ಟೂ ಹಾಕ್ದೆ. ಗೊತ್ತೇ ಆಗ್ಲಿಲ್ಲ."

ಅತ್ತಿಗೆ ಕೆಳಗಿಳಿದು ಬಾಗಿಲು ಹಾಕಿದರು.

"ಹಾಗಾದ್ರೆ ಕಾರಿಗೆ ನನ್ನ ಮೇಲೆ ಕೋಪ ಇಲ್ಲ" ಎಂದರು. "ನನ್ನ ತೂಕಕ್ಕೆ ಮಾಡ್ಕೊಡು. ನಾಳೆಯವರಿಗೆ ಬರೋದು ಬೇಡ ಅಂತ ಹೇಳ್ತೀನಿ."

ಕಾರು ಉಳಿಯಿತು. ಅವನು ಬಯಸಿದ್ದು ಅದನ್ನೇ, ಬೇರೇನೂ ಅಲ್ಲ. ಆದರೆ ಇನ್ನೊಂದು ಕೆಲಸ ಉಳಿದಿತ್ತು. ಎಂಬತ್ತಾರರಲ್ಲಿ ಮೂವತ್ಮೂರು ಕಿಲೋ ಹೊರಗೆ ಹೋಗಬೇಕು.

ಒಂದು ಚೀಲವನ್ನು ಪೂರ್ತಿ ಬದಿಗಿಟ್ಟ. ಇನ್ನೊಂದನ್ನು ಅಂಗಳಕ್ಕೆ ಎಳೆದು ದಾರ ಬಿಚ್ಚಿದ. ವರ್ಷಕ್ಕೊಮ್ಮೆ ಅಣ್ಣನನ್ನು ತೂಗಿ, ಅವನು ದಪ್ಪಗಾದಷ್ಟೂ ಇದೇ ಚೀಲಕ್ಕೆ ಬೊಗಸೆ ಬೊಗಸೆ ಮರಳು ಸೇರಿಸಿದ್ದ. ತೆಗೆದದ್ದು ಒಮ್ಮೆಯೂ ಇಲ್ಲ. ಡಬ್ಬಿಯಲ್ಲಿ ಮೊಗೆದು ಹೊರಗೆ ಸುರಿದ. ಎರಡನೆಯದು ಸುರಿದ. ಮೂರನೆಯದನ್ನು ಮೊಗೆದವನ ಕೈ ಅರ್ಧದಲ್ಲೇ ನಿಂತು, ಡಬ್ಬಿ ವಾಲಿತು. ಮರಳು ಅವನ ಪಾದದ ಮೇಲೆ ಬಿತ್ತು. ಒಣ ಮರಳು, ಮೂಲೆಯ ನೆರಳಿನಲ್ಲಿದ್ದದ್ದು, ತಣ್ಣಗಿತ್ತು. ಅದು ಗೊತ್ತಾಯಿತು.

"ಅಣ್ಣ ಸತ್ತುಹೋದ, ಅತ್ತಿಗೆ" ಎಂದ.

ಅತ್ತಿಗೆ ಬೆನ್ನುನೋವನ್ನೂ ಲೆಕ್ಕಿಸದೆ ಅವನೆದುರು ಕುಕ್ಕರುಗಾಲಲ್ಲಿ ಕೂತು, ಎರಡೂ ಕೈಯಲ್ಲಿ ಚೀಲದ ಬಾಯಿ ಅಗಲಿಸಿ ಹಿಡಿದರು.

"ಹೂಂ ಕಣೋ" ಎಂದರು. "ತೆಗಿ. ಇನ್ನೂ ಬಹಳ ಇದೆ."