ಇನ್ನೊಂದು ಕಾಲು

ರಾಯದುರ್ಗದಲ್ಲಿ ನನ್ನ ಬಾಡಿಗೆ ಕೋಣೆಯ ಪಕ್ಕ ಜೀನ್ಸ್ ಹೊಲಿಯುವ ಶೆಡ್ ಇತ್ತು. ಗುಡಿಬಂಡೆ ಕಡೆಯಿಂದ ಬಂದ ಟೈಲರೊಬ್ಬರು ಅಲ್ಲಿದ್ದರು. ಅವರು ಆಗಷ್ಟೇ ಕುಡಿತ ಬಿಟ್ಟಿದ್ದರು. ಶನಿವಾರ ಸಂಜೆ ಬಟವಾಡೆಯಾದೊಡನೆ ಉಳಿದವರೆಲ್ಲ ಎದುರಿನ ವೈನ್ ಶಾಪಿಗೆ ಹೊರಡುತ್ತಿದ್ದರು.

"ಬರ್ರಿ ಸ್ವಾಮ್ಗಳೇ, ಒಬ್ಬರ ಯಾಕ ಕುಂತೀರಿ?"

"ಈ ಪ್ಯಾಂಟಿಂದು ಇನ್ನೊಂದು ಕಾಲು ಹೊಲಿಯೋದೈತೆ ಕಣ್ರಪ್ಪ, ನೀವು ನಡೀರಿ."

ಹೊಲಿಯಲು ಏನೂ ಉಳಿದಿರುತ್ತಿರಲಿಲ್ಲ. ಚಿಂದಿ ಬಟ್ಟೆಯ ಮೇಲೆ ಮೆಷಿನ್ ಓಡಿಸುತ್ತಿದ್ದರು. ಆ ಸದ್ದಿನಲ್ಲಿ ಎದುರಿನ ನಗು ಕೇಳಿಸುತ್ತಿರಲಿಲ್ಲ.

ಒಂದು ಶನಿವಾರ ಕರೆಂಟ್ ಹೋಗಿ ಮೆಷಿನ್ ನಿಂತಿತು. ಗೆಳೆಯರು ಅವರನ್ನು ಕೂಗಿ ಕರೆಯುತ್ತಿದ್ದುದು ಶೆಡ್ಡಿನೊಳಗೆ ಸ್ಪಷ್ಟವಾಗಿ ಕೇಳಿಸಿತು. ಅವರು ಬಾಗಿಲಿಗೆ ಬಂದು ಚಪ್ಪಲಿ ಮೆಟ್ಟಿದರು. ಹೊರಗೆ ನಿಂತಿದ್ದ ನನ್ನನ್ನು ನೋಡಿ, "ಇನ್ನೊಂದು ಕಾಲು ಐತೆ" ಎಂದರು. ನಾನು ಅವರನ್ನು ಏನೂ ಕೇಳಿರಲಿಲ್ಲ.

ಚಪ್ಪಲಿ ಬಿಟ್ಟು ಒಳಗೆ ಹೋಗಿ, ಮೆಷಿನ್ನಿನ ಚಕ್ರವನ್ನು ಕೈಯಿಂದಲೇ ತಿರುಗಿಸತೊಡಗಿದರು.