ಕುಕ್ಕರ್ ಗ್ಯಾಸ್ಕೆಟ್ಟಿನಲ್ಲಿ ನೇತಾಡಿದ ಸೈಲೆನ್ಸರ್

ನಮ್ಮ ಕಾರಿನ ಜೊತೆಗೇ ಬಂದಿದ್ದ ಸೈಲೆನ್ಸರ್ ಚೆನ್ನಾಗಿಯೇ ಇತ್ತು. ಅದನ್ನು ಕಿತ್ತುಹಾಕಿಸಿ, ಈ ಪರದೇಶದಲ್ಲಿ ನಾವಿರುವ ಹೈರಿಡ್ಜ್‌ನ ಬೀದಿಯೆಲ್ಲ ತಿರುಗಿ ನೋಡುವಂತೆ ಗುಡುಗುವ ದಪ್ಪ ಪೈಪು ಹಾಕಿಸಿಕೊಂಡು ಬಂದವನು ನನ್ನ ಗಂಡ. ಔಷಧಿ ಕಾರ್ಖಾನೆಯಲ್ಲಿ ಎಂಜಿನಿಯರ್, ತಲೆ ಅರ್ಧ ನರೆತಿದೆ. ವಾರ ಕಳೆಯುವುದರೊಳಗೆ ಪೈಪನ್ನು ಹಿಡಿದಿಡುವ ರಬ್ಬರ್ ಬಳೆ ಹರಿದು, ರಸ್ತೆಯ ಪ್ರತಿ ಉಬ್ಬಿಗೂ ಅದು ಕಾರಿನ ಹೊಟ್ಟೆಗೆ ಬಡಿಯತೊಡಗಿತು. ಗ್ಯಾರೇಜಿಗೆ ಹೋಗು ಎಂದೆ. “ಅಷ್ಟಕ್ಕೆಲ್ಲ ಗ್ಯಾರೇಜಾ? ನಾನೇ ಕಟ್ತೀನಿ ಬಿಡು,” ಎಂದ.

ಕಟ್ಟಿದ. ಯಾವುದರಿಂದ ಎಂದು ನನಗೆ ಗೊತ್ತಾಗಿದ್ದು ಮರುದಿನ ಆಫೀಸಿಗೆ ಹೋಗುವಾಗ. ಅಪ್ಪರ್ ಹಿಲ್‌ನ ಏರಿನಲ್ಲಿ ಪೈಪು ಕಳಚಿ ರಸ್ತೆಗೆ ಬಿತ್ತು. ಹಿಂದಿದ್ದ ಮಟಾಟು ಎಂಬ ಬಾಡಿಗೆ ವ್ಯಾನಿನ ಕಂಡಕ್ಟರ್ ಬಾಗಿಲಲ್ಲಿ ನೇತಾಡುತ್ತಾ, ಅಯ್ಯೋ ಪಾಪ ಎನ್ನುವ ಧಾಟಿಯಲ್ಲಿ “ಪೋಲೆ, ಮ್ಯಾಡಂ!” ಎಂದು ಕೂಗಿ ನಕ್ಕ. ಇಳಿದು ಬಗ್ಗಿ ನೋಡಿದೆ. ಪೈಪಿನ ಕೊಕ್ಕೆಗೆ ಅಂಟಿಕೊಂಡು ಹೊಗೆಯಾಡುತ್ತಿದ್ದುದು ಅಮ್ಮ ಮೈಸೂರಿನಿಂದ ಕಳಿಸಿದ್ದ ಹೊಚ್ಚ ಹೊಸ ಕುಕ್ಕರ್ ಗ್ಯಾಸ್ಕೆಟ್! ಹಳೆಯದರಲ್ಲಿ ಹಬೆ ಸೋರಿ ಬೇಳೆಯೇ ಬೇಯುತ್ತಿರಲಿಲ್ಲ. ಇದಕ್ಕಾಗಿ ತಿಂಗಳುಗಟ್ಟಲೆ ಕಾದಿದ್ದೆ, ಹಿಂದಿನ ದಿನವಷ್ಟೇ ಕೈಸೇರಿತ್ತು.

ಮೈಯೆಲ್ಲ ಉರಿದುಹೋಯಿತು. ಅಲ್ಲೇ ನಿಂತು ಅವನಿಗೆ ಫೋನ್ ಮಾಡಿ ಬಾಯಿಗೆ ಬಂದಂತೆ ಬೈದೆ. ಎಲ್ಲವನ್ನೂ ಕೇಳಿಸಿಕೊಂಡು ಅವನು ಸಮಾಧಾನವಾಗಿ ಹೇಳಿದ: “ಅಲ್ಲೇ ಇರು. ಕುಕ್ಕರಲ್ಲಿ ಹಳೇದೊಂದು ಇದ್ಯಲ್ಲ, ಅದನ್ನ ತಗೊಂಡ್ ಬರ್ತೀನಿ.”

“ಕುಕ್ಕರನ್ನೂ ತಗೊಂಡ್ ಬಾ,” ಎಂದೆ. “ಇನ್ಮೇಲೆ ನಿನ್ನ ಅಡುಗೆ ಎಂಜಿನ್ ಮೇಲೇ ಮಾಡ್ಕೊ.”